ಹರೆಯದ ಮಗಳು ವೈದ್ಯರ ಬಳಿ ಹೋಗಲು ಏಕೆ ಅಂಜುತ್ತಾಳೆ?

ತಾಲ್ಲೂಕು ಆಸ್ಪತ್ರೆಯೊಂದರ ಹೊರರೋಗಿ ವಿಭಾಗವನ್ನು ಕಣ್ಣಮುಂದೆ ತಂದುಕೊಳ್ಳಿ. ಪಿಯುಸಿ ಓದುತ್ತಿರುವ ಹದಿನಾರರ ಮಗಳನ್ನು ಕರೆದುಕೊಂಡು ತಾಯಿಯೊಬ್ಬಳು ಬಂದಿದ್ದಾಳೆ. "ಬರೀ ಸುಸ್ತು ಅಂತಾಳೆ ಡಾಕ್ಟ್ರೇ. ಓದೋಕೆ ಕೂತರೆ ನಿದ್ದೆ, ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು. ಒಂದು ಟಾನಿಕ್ ಬರೆದುಕೊಡಿ" ಎನ್ನುತ್ತಾಳೆ. ಹುಡುಗಿಯ ಕೆಳರೆಪ್ಪೆ ಎಳೆದು ನೋಡಿದರೆ ಬಿಳಿಚಿಕೊಂಡಿದೆ. ರಕ್ತ ಪರೀಕ್ಷೆ ಮಾಡಿಸಿದರೆ ಹಿಮೋಗ್ಲೋಬಿನ್ ಬರೀ 7 ಗ್ರಾಂ. "ಮುಟ್ಟು ಸರಿಯಾಗಿ ಆಗುತ್ತಿದೆಯೇನಮ್ಮ?" ಎಂದು ವೈದ್ಯರು ಕೇಳುವುದು ಮಗಳನ್ನು, ಉತ್ತರ ಕೊಡುವುದು ತಾಯಿ: "ಅದೆಲ್ಲ ಸರಿಯಾಗಿದೆ, ತಿಂಗಳಿಗೆ ಸರಿಯಾಗಿ ಆಗ್ತಾಳೆ." ಮಗಳು ನೆಲ ನೋಡುತ್ತಾಳೆ.

ತಾಯಿಯನ್ನು ಐದು ನಿಮಿಷ ಹೊರಗೆ ಕೂರಿಸಿ ಮತ್ತೆ ಅದೇ ಪ್ರಶ್ನೆ ಕೇಳಿದಾಗ ಹುಡುಗಿಯ ಕಣ್ಣಲ್ಲಿ ನೀರು. ಎರಡು ವರ್ಷಗಳಿಂದ ಪ್ರತಿ ತಿಂಗಳೂ ಹತ್ತು ಹನ್ನೆರಡು ದಿನ ಸ್ರಾವ. ಗೆಡ್ಡೆ ಗೆಡ್ಡೆಯಾಗಿ ಹೋಗುತ್ತದೆ. ರಾತ್ರಿ ಎರಡು ಮೂರು ಸಲ ಎದ್ದು ಬಟ್ಟೆ ಬದಲಾಯಿಸಬೇಕು. ಅಮ್ಮನಿಗೆ ಏಕೆ ಹೇಳಲಿಲ್ಲ? "ಎಲ್ಲರಿಗೂ ಹೀಗೇ ಇರುತ್ತೆ ಅಂದುಕೊಂಡಿದ್ದೆ." ಆಮೇಲೆ ತಡೆದು, "ಹೇಳಿದರೆ ಏನಂದುಕೊಳ್ತಾರೋ ಅಂತ ಭಯ ಆಯ್ತು."

ಈ ಹುಡುಗಿಯ ಮನೆಯಿಂದ ಆಸ್ಪತ್ರೆಗೆ ನಾಲ್ಕೇ ಕಿಲೋಮೀಟರು. ಚೀಟಿಗೆ ದೊಡ್ಡ ಖರ್ಚಿಲ್ಲ. ಈ ತೊಂದರೆಗೆ ಔಷಧಿಯೂ ಇದೆ. ಹಾಗಿದ್ದರೂ ಎರಡು ವರ್ಷ ಏಕೆ ತಡವಾಯಿತು? ಹದಿಹರೆಯದ ಹುಡುಗಿಯರ ಆರೋಗ್ಯದಲ್ಲಿ ಇದಕ್ಕಿಂತ ಮುಖ್ಯವಾದ ಪ್ರಶ್ನೆ ಇನ್ನೊಂದಿಲ್ಲ. ರೋಗ ಯಾವುದು, ಔಷಧಿ ಯಾವುದು ಎಂಬುದು ಅನಂತರದ ಮಾತು. ಹುಡುಗಿ ವೈದ್ಯರ ಎದುರು ಬಂದು ಕುಳಿತು ಬಾಯಿ ಬಿಟ್ಟರೆ ತಾನೇ ಚಿಕಿತ್ಸೆ?

ಸೇವೆ ಇದೆ, ಬಳಕೆ ಇಲ್ಲ

ಹತ್ತರಿಂದ ಹತ್ತೊಂಬತ್ತು ವರ್ಷದವರೆಗಿನ ವಯಸ್ಸನ್ನು ವಿಶ್ವ ಆರೋಗ್ಯ ಸಂಸ್ಥೆ ಹದಿಹರೆಯ ಎಂದು ಕರೆಯುತ್ತದೆ. ಈ ವಯಸ್ಸಿನವರು ಶಿಶುವೈದ್ಯರಿಗೆ ದೊಡ್ಡವರು, ಹೆರಿಗೆ ಆಸ್ಪತ್ರೆಗೆ ಚಿಕ್ಕವರು. ಹೀಗಾಗಿ ಬಹುಕಾಲ ಇವರು ಯಾರ ಲೆಕ್ಕದಲ್ಲೂ ಇರಲಿಲ್ಲ. 1994ರಲ್ಲಿ ಕೈರೋ ನಗರದಲ್ಲಿ ನಡೆದ ಜನಸಂಖ್ಯೆ ಮತ್ತು ಅಭಿವೃದ್ಧಿ ಸಮ್ಮೇಳನ ಹದಿಹರೆಯದವರ ಸಂತಾನೋತ್ಪತ್ತಿ ಆರೋಗ್ಯದ ವಿಷಯವನ್ನು ಎಲ್ಲ ದೇಶಗಳ ಮುಂದಿಟ್ಟಿತು. ನಮ್ಮ ದೇಶದಲ್ಲಿ 2014ರ ಜನವರಿ 7ರಂದು ರಾಷ್ಟ್ರೀಯ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮ ಆರಂಭವಾಯಿತು. ಅದರಡಿ ಸರ್ಕಾರಿ ಆಸ್ಪತ್ರೆಗಳಲ್ಲಿ ಹದಿಹರೆಯದವರಿಗಾಗಿಯೇ ಪ್ರತ್ಯೇಕ ಸಲಹಾ ಕೇಂದ್ರಗಳಿವೆ. ಕರ್ನಾಟಕದಲ್ಲಿ ಇವುಗಳ ಹೆಸರು 'ಸ್ನೇಹ ಕ್ಲಿನಿಕ್'. ಮುಟ್ಟಿನ ತೊಂದರೆ, ರಕ್ತಹೀನತೆ, ಬಿಳಿಸೆರಗು, ಮೈಬೆಳವಣಿಗೆಯ ಅನುಮಾನ, ಮನಸ್ಸಿನ ದುಗುಡ ಎಲ್ಲಕ್ಕೂ ಅಲ್ಲಿ ಸಲಹೆ ಉಚಿತ. ಶಾಲೆಗಳಲ್ಲಿ ವಾರಕ್ಕೊಂದು ನೀಲಿ ಬಣ್ಣದ ಕಬ್ಬಿಣಾಂಶದ ಮಾತ್ರೆ ಕೊಡುವ ಕಾರ್ಯಕ್ರಮವೂ ಇದೆ.

ಅಗತ್ಯ ಎಷ್ಟೆಂಬುದನ್ನು ಅಂಕಿಗಳೇ ಹೇಳುತ್ತವೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 19 ವರ್ಷದ ಹುಡುಗಿಯರಲ್ಲಿ ನೂರಕ್ಕೆ 59 ಮಂದಿಗೆ ರಕ್ತಹೀನತೆ. 2015-16ರ ಸಮೀಕ್ಷೆಯಲ್ಲಿ ಇದು 54 ಇತ್ತು. ಅಂದರೆ ಐದು ವರ್ಷಗಳಲ್ಲಿ ಕಡಿಮೆಯಾಗುವ ಬದಲು ಹೆಚ್ಚಿದೆ. ಹಾಗಾದರೆ ಆಸ್ಪತ್ರೆಗೂ ಹುಡುಗಿಗೂ ನಡುವೆ ನಿಂತಿರುವುದೇನು? ಒಂದೊಂದಾಗಿ ನೋಡೋಣ.

ತೊಂದರೆ ಎಂದೇ ತಿಳಿಯದಿರುವುದು

ಮಗಳು ಮೈನೆರೆದಾಗ ನಾವು ಊರಿಗೆಲ್ಲ ಹೇಳಿ ಕಳಿಸುತ್ತೇವೆ. ಹೊಸ ಸೀರೆ ಉಡಿಸಿ, ಕೊಬ್ಬರಿ ಬೆಲ್ಲ ಕೊಟ್ಟು, ಮುತ್ತೈದೆಯರನ್ನು ಕರೆದು ಆರತಿ ಎತ್ತುತ್ತೇವೆ. ಬೀದಿಗೆಲ್ಲ ಗೊತ್ತಾಗುವಂತೆ ಮಾಡಿದ ಆ ಸಂಗತಿಯ ಬಗ್ಗೆ ಮರುದಿನದಿಂದ ಮನೆಯಲ್ಲಿ ಯಾರೂ ಬಾಯಿ ಬಿಡುವುದಿಲ್ಲ! ಅದು ಎಷ್ಟು ದಿನ ಇರಬೇಕು, ಎಷ್ಟು ಹೋಗಬೇಕು, ಯಾವಾಗ ಡಾಕ್ಟರಿಗೆ ತೋರಿಸಬೇಕು ಎಂಬುದನ್ನು ಆ ಹುಡುಗಿಗೆ ಹೇಳಿದವರಾರು? "ನೋವು ಹೆಣ್ಣಿನ ಪಾಡು, ತಡೆದುಕೋ" ಎಂಬುದೊಂದೇ ಪಾಠ. ಸಹಜ ಯಾವುದು ಎಂದು ಗೊತ್ತಿಲ್ಲದವಳಿಗೆ ಅಸಹಜ ಯಾವುದೆಂದು ಹೇಗೆ ಗೊತ್ತಾದೀತು?

ಆದ್ದರಿಂದ ಈ ಕೆಲವು ವಿಷಯಗಳನ್ನು ನೆನಪಿಡಿ. ಮೊದಲ ಎರಡು ಮೂರು ವರ್ಷ ಮುಟ್ಟು ಹಿಂದು ಮುಂದಾಗುವುದು ಸಹಜ. ಅಂಡಾಶಯದಿಂದ ಪ್ರತಿ ತಿಂಗಳೂ ಅಂಡ ಬಿಡುಗಡೆಯಾಗುವ ಕ್ರಮ ಇನ್ನೂ ಹೊಂದಿಕೊಂಡಿರುವುದಿಲ್ಲ. 21 ದಿನದಿಂದ 45 ದಿನದೊಳಗೆ ಒಮ್ಮೆ ಆಗುತ್ತಿದ್ದರೆ, ಎರಡರಿಂದ ಏಳು ದಿನ ಇದ್ದು ನಿಲ್ಲುತ್ತಿದ್ದರೆ ಗಾಬರಿ ಬೇಡ. ಮುಟ್ಟಿನ ನಡುವೆ ತಿಳಿಯಾದ ಅಥವಾ ಬಿಳಿ ಬಣ್ಣದ ಸ್ವಲ್ಪ ಸ್ರಾವವೂ ಸಹಜವೇ. ಅದರಿಂದ 'ಮೂಳೆ ಕರಗುತ್ತದೆ' ಎಂಬುದು ಸುಳ್ಳು.

ಆದರೆ ಈ ಕೆಳಗಿನವು ಕಂಡರೆ ವೈದ್ಯರಿಗೆ ತೋರಿಸಲೇಬೇಕು:

* ಸ್ರಾವ ಏಳು ದಿನಕ್ಕಿಂತ ಹೆಚ್ಚು ಇದ್ದರೆ, ಅಥವಾ ಗಂಟೆ ಎರಡು ಗಂಟೆಗೊಮ್ಮೆ ಪ್ಯಾಡ್ ಪೂರ್ತಿ ತೊಯ್ದುಹೋಗುತ್ತಿದ್ದರೆ.
* ಹದಿನೈದು ತುಂಬಿದರೂ ಮೈನೆರೆಯದಿದ್ದರೆ. ಹದಿಮೂರಾದರೂ ಎದೆಯ ಬೆಳವಣಿಗೆ ಆರಂಭವಾಗದಿದ್ದರೆ.
* ಒಮ್ಮೆ ಮುಟ್ಟಾದ ಮೇಲೆ ಮೂರು ತಿಂಗಳಿಗೂ ಹೆಚ್ಚು ಕಾಲ ಆಗದಿದ್ದರೆ. ಜೊತೆಗೆ ಮೈತೂಕ ಏರಿ, ಮುಖದ ಮೇಲೆ ಕೂದಲು, ಮೊಡವೆ ಹೆಚ್ಚಿದ್ದರೆ.
* ಶಾಲೆಗೆ ಹೋಗಲಾಗದಷ್ಟು, ಮಾತ್ರೆಗೂ ಬಗ್ಗದಷ್ಟು ಹೊಟ್ಟೆನೋವು ಪ್ರತಿ ತಿಂಗಳೂ ಬರುತ್ತಿದ್ದರೆ.
* ಮುಟ್ಟೇ ಕಾಣದೆ ತಿಂಗಳಿಗೊಮ್ಮೆ ಹೊಟ್ಟೆನೋವು ಮಾತ್ರ ಬರುತ್ತಿದ್ದರೆ. ಜನನಾಂಗದ ದ್ವಾರದಲ್ಲಿ ಪೊರೆ ಮುಚ್ಚಿಕೊಂಡು ರಕ್ತ ಒಳಗೇ ನಿಲ್ಲುತ್ತಿರಬಹುದು. ಚಿಕ್ಕ ಶಸ್ತ್ರಚಿಕಿತ್ಸೆಯಿಂದ ಇದು ಸರಿಹೋಗುತ್ತದೆ.
* ಬಿಳಿಸೆರಗಿನ ಜೊತೆ ತುರಿಕೆ, ದುರ್ವಾಸನೆ, ಹಳದಿ ಹಸಿರು ಬಣ್ಣ ಅಥವಾ ಉರಿಮೂತ್ರ ಇದ್ದರೆ.

ಅತಿಸ್ರಾವದ ಹುಡುಗಿಯರಲ್ಲಿ ಕೆಲವರಿಗೆ ರಕ್ತ ಹೆಪ್ಪುಗಟ್ಟುವುದರಲ್ಲೇ ಹುಟ್ಟಿನಿಂದ ದೋಷವಿರುತ್ತದೆ. ಅದು ಮೊದಲು ಬಯಲಾಗುವುದೇ ಮುಟ್ಟು ಆರಂಭವಾದಾಗ. ಇನ್ನು ಕೆಲವರಿಗೆ ಥೈರಾಯ್ಡ್ ತೊಂದರೆ. ಪರೀಕ್ಷಿಸದೆ ಟಾನಿಕ್ ಕುಡಿಸಿದರೆ, ತಳ ಒಡೆದ ಕೊಡಕ್ಕೆ ನೀರು ಹೊಯ್ದಂತೆ.

ಹೆಸರೇ ಇಲ್ಲದ ಅಂಗಗಳು

ಎರಡನೆಯ ಅಡ್ಡಿ ಮಾತಿನದು. ಕೈ ನೋವು, ಕಾಲು ನೋವು ಎಂದು ಹೇಳಲು ಹುಡುಗಿಗೆ ಮಾತು ಗೊತ್ತು. ಸೊಂಟದ ಕೆಳಗಿನ ಅಂಗಗಳಿಗೆ ಮಾತ್ರ ಆಕೆಯ ಬಳಿ ಹೆಸರಿಲ್ಲ. ಇರುವ ಹೆಸರುಗಳು ಬೈಗುಳದಲ್ಲಿ ಕೇಳಿದವು. ಹೀಗಾಗಿ ತುರಿಕೆಯೂ 'ಹೊಟ್ಟೆನೋವು', ಸ್ರಾವವೂ 'ಹೊಟ್ಟೆನೋವು', ಭಯವೂ 'ಹೊಟ್ಟೆನೋವು'! ವೈದ್ಯರು ಅವಸರದಲ್ಲಿದ್ದರೆ ಗ್ಯಾಸಿನ ಮಾತ್ರೆ ಬರೆದು ಕಳುಹಿಸುತ್ತಾರೆ. ಹುಡುಗಿ ಮನೆಗೆ ಹೋಗಿ, "ಡಾಕ್ಟರಿಗೆ ತೋರಿಸಿದರೂ ಕಡಿಮೆಯಾಗಲಿಲ್ಲ" ಎಂದುಕೊಂಡು ಸುಮ್ಮನಾಗುತ್ತಾಳೆ.

ಇದಕ್ಕೊಂದು ಸುಲಭ ಉಪಾಯವಿದೆ. ಬಾಯಲ್ಲಿ ಹೇಳಲಾಗದಿದ್ದರೆ ಚೀಟಿಯಲ್ಲಿ ಬರೆದು ಕೊಡಬಹುದು. ಕೊನೆಯ ಮೂರು ಮುಟ್ಟಿನ ತಾರೀಖು, ಎಷ್ಟು ದಿನ, ದಿನಕ್ಕೆ ಎಷ್ಟು ಪ್ಯಾಡ್ ಅಥವಾ ಬಟ್ಟೆ, ನೋವು ಯಾವಾಗ ಎಂದು ಗೋಡೆಯ ಕ್ಯಾಲೆಂಡರಿನಲ್ಲೋ ನೋಟ್‌ಪುಸ್ತಕದಲ್ಲೋ ಗುರುತು ಹಾಕಿಟ್ಟರೆ, ವೈದ್ಯರಿಗೆ ಅರ್ಧ ರೋಗನಿದಾನ ಅಲ್ಲೇ ಸಿಗುತ್ತದೆ.

ಯಾರಾದರೂ ನೋಡಿದರೆ?

ಹುಡುಗಿಗೂ ತಾಯಿಗೂ ಸಮನಾಗಿ ಇರುವ ಅಂಜಿಕೆ ಇದು. ಬಾಗಿಲ ಮೇಲೆ 'ಪ್ರಸೂತಿ ಮತ್ತು ಸ್ತ್ರೀರೋಗ ವಿಭಾಗ' ಎಂಬ ಫಲಕ. ಹೊರಗಿನ ಬೆಂಚಿನಲ್ಲಿ ಸಾಲಾಗಿ ಗರ್ಭಿಣಿಯರು. ಅವರ ನಡುವೆ ಮದುವೆಯಾಗದ ಹುಡುಗಿ ಕುಳಿತಿರುವುದನ್ನು ನೆಂಟರೋ ನೆರೆಯವರೋ ಕಂಡರೆ? ಸಂಜೆಯೊಳಗೆ ಊರಲ್ಲಿ ಕತೆ ಹುಟ್ಟುತ್ತದೆ. ನಾಳೆ ಗಂಡು ನೋಡಲು ಬಂದವರ ಕಿವಿಗೂ ಬೀಳುತ್ತದೆ. "ಮದುವೆಯಾದ ಮೇಲೆ ಎಲ್ಲ ಸರಿಹೋಗುತ್ತದೆ, ಈಗ ಯಾಕೆ ಬಯಲು ಮಾಡಬೇಕು?" ಎಂದು ತಾಯಿ ಲೆಕ್ಕ ಹಾಕುತ್ತಾಳೆ.

ಅಮ್ಮಂದಿರೇ, ಮದುವೆ ಯಾವ ಕಾಯಿಲೆಗೂ ಔಷಧಿಯಲ್ಲ. ರಕ್ತಹೀನತೆ ಹೊತ್ತು ಮದುವೆಯಾದವಳು ರಕ್ತಹೀನತೆ ಹೊತ್ತೇ ಬಸುರಾಗುತ್ತಾಳೆ. ಇಂದು ಉಗುರಿನಲ್ಲಿ ಹೋಗುವುದಕ್ಕೆ ನಾಳೆ ಕೊಡಲಿ ಹಿಡಿಯಬೇಕಾಗುತ್ತದೆ. ಬೆಂಚಿನ ಅಂಜಿಕೆ ಇದ್ದರೆ ಮೊದಲು ಸಾಮಾನ್ಯ ವೈದ್ಯರಿಗೇ ತೋರಿಸಬಹುದು. ಮುಟ್ಟಿನ ಬಹುಪಾಲು ತೊಂದರೆಗಳಿಗೆ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರೇ ಚಿಕಿತ್ಸೆ ಆರಂಭಿಸಬಲ್ಲರು. ಸ್ನೇಹ ಕ್ಲಿನಿಕ್‌ಗೆ ಹದಿಹರೆಯದ ಗಂಡುಮಕ್ಕಳೂ ಹೆಣ್ಣುಮಕ್ಕಳೂ ನಾನಾ ಕಾರಣಗಳಿಗೆ ಬರುವುದರಿಂದ ಅಲ್ಲಿಗೆ ಹೋದವಳನ್ನು ಯಾರೂ ಬೆರಳು ಮಾಡಿ ತೋರಿಸುವಂತಿಲ್ಲ.

ಪರೀಕ್ಷೆಯ ಭಯ

"ಏನು ಮಾಡಿಬಿಡುತ್ತಾರೋ" ಎಂಬ ಭಯ ಹುಡುಗಿಗೆ. "ಒಳಪರೀಕ್ಷೆ ಮಾಡಿ ಕನ್ಯತ್ವಕ್ಕೆ ಧಕ್ಕೆಯಾದೀತೋ" ಎಂಬ ಭಯ ಹೆತ್ತವರಿಗೆ. ಇಬ್ಬರೂ ನಿಜಸ್ಥಿತಿ ತಿಳಿಯಬೇಕು. ಮುಟ್ಟಿನ ತೊಂದರೆಗಾಗಿ ಬಂದ ಮದುವೆಯಾಗದ ಹುಡುಗಿಗೆ ಸಾಮಾನ್ಯವಾಗಿ ಒಳಪರೀಕ್ಷೆ ಬೇಕಾಗುವುದೇ ಇಲ್ಲ. ವೈದ್ಯರು ಮೊದಲು ಪ್ರಶ್ನೆ ಕೇಳುತ್ತಾರೆ. ತೂಕ, ಎತ್ತರ, ರಕ್ತದ ಒತ್ತಡ ನೋಡುತ್ತಾರೆ. ಕಣ್ಣು, ಕುತ್ತಿಗೆ ಪರೀಕ್ಷಿಸಿ, ಮಲಗಿಸಿ ಹೊಟ್ಟೆಯನ್ನು ಮೇಲಿನಿಂದ ಒತ್ತಿ ನೋಡುತ್ತಾರೆ. ಅಗತ್ಯವಿದ್ದರೆ ರಕ್ತ, ಮೂತ್ರದ ಪರೀಕ್ಷೆ. ಸ್ಕ್ಯಾನಿಂಗ್ ಬೇಕಾದರೆ ನೀರು ಕುಡಿಸಿ ಮೂತ್ರಕೋಶ ತುಂಬಿದ ಮೇಲೆ ಹೊಟ್ಟೆಯ ಮೇಲಿನಿಂದಲೇ ಮಾಡುತ್ತಾರೆ. ನೋವಿಲ್ಲ, ಗಾಯವಿಲ್ಲ.

ಯಾವ ಪರೀಕ್ಷೆಯನ್ನೂ ಏಕೆ ಎಂದು ತಿಳಿಸಿ, ಒಪ್ಪಿಗೆ ಪಡೆದು ಮಾಡಬೇಕು. ವೈದ್ಯರು ಗಂಡಸಾಗಿದ್ದರೆ ಪಕ್ಕದಲ್ಲಿ ನರ್ಸ್ ಅಥವಾ ತಾಯಿ ಇರಬೇಕು. "ನರ್ಸಮ್ಮನನ್ನು ಕರೆಯಿರಿ" ಎಂದು ಕೇಳುವುದು ಉದ್ಧಟತನವಲ್ಲ.

ದೂರ, ದುಡ್ಡು, ಹೊತ್ತು

ಹುಡುಗಿಯ ಕೈಯಲ್ಲಿ ಸ್ವಂತ ದುಡ್ಡಿಲ್ಲ. ಬಸ್ ಚಾರ್ಜಿಗೂ ಕಾರಣ ಹೇಳಬೇಕು. ಒಬ್ಬಳೇ ಕಳುಹಿಸುವುದಿಲ್ಲ, ಜೊತೆಗೆ ಬರಬೇಕಾದ ತಾಯಿಗೆ ಒಂದು ದಿನದ ಕೂಲಿ ಹೋಗುತ್ತದೆ. ಅಣ್ಣನ ಜೊತೆ, ಅಪ್ಪನ ಜೊತೆ ಹೋದರೆ ವಿಷಯ ಹೇಳುವುದು ಹೇಗೆ? ಆಸ್ಪತ್ರೆಯ ಹೊರರೋಗಿ ವಿಭಾಗ ನಡೆಯುವ ಹೊತ್ತಿಗೇ ಶಾಲೆ ಕಾಲೇಜು. ರಜೆ ಚೀಟಿಯಲ್ಲಿ ಕಾರಣ ಬರೆಯಬೇಕು, ಅದನ್ನು ಮೇಷ್ಟ್ರು ಓದುತ್ತಾರೆ. ಸಣ್ಣ ಸಣ್ಣ ಈ ಮುಳ್ಳುಗಳೇ ಸೇರಿ ಬೇಲಿಯಾಗುತ್ತವೆ.

ಇಲ್ಲಿ ಆಶಾ ಕಾರ್ಯಕರ್ತೆ ದೊಡ್ಡ ನೆರವು. ನಿಮ್ಮ ಊರಿಗೆ ಹತ್ತಿರದ ಸ್ನೇಹ ಕ್ಲಿನಿಕ್ ಎಲ್ಲಿದೆ, ಆಪ್ತಸಮಾಲೋಚಕಿ ಯಾವ ದಿನ, ಯಾವ ಹೊತ್ತಿನಲ್ಲಿ ಸಿಗುತ್ತಾರೆ ಎಂದು ಆಕೆಯನ್ನು ಮೊದಲೇ ಕೇಳಿಕೊಂಡು ಹೋದರೆ ಒಂದು ದಿನ ವ್ಯರ್ಥವಾಗುವುದಿಲ್ಲ.

ಆಸ್ಪತ್ರೆಯವರ ನಾಲಿಗೆ

ಇಷ್ಟೆಲ್ಲ ಬೇಲಿ ದಾಟಿ ಬಂದ ಹುಡುಗಿಗೆ ಚೀಟಿ ಬರೆಯುವವರು ನಾಲ್ಕು ಜನರ ಮುಂದೆ, "ಏನಮ್ಮ ನಿನಗೆ, ಜೋರಾಗಿ ಹೇಳು" ಎಂದರೆ? ನರ್ಸ್ ಹುಬ್ಬೇರಿಸಿ, "ಮದುವೆ ಆಗಿದೆಯಾ?" ಎಂದು ಎಲ್ಲಕ್ಕೂ ಮೊದಲು ಕೇಳಿದರೆ? ವೈದ್ಯರು ಬಾಗಿಲು ತೆರೆದಿಟ್ಟುಕೊಂಡು, ಇನ್ನಿಬ್ಬರು ರೋಗಿಗಳನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ವಿಚಾರಿಸಿದರೆ? ಆ ಹುಡುಗಿ ಮತ್ತೆ ಬರುವುದಿಲ್ಲ. ಆಕೆಯಷ್ಟೇ ಅಲ್ಲ, ಆಕೆಯ ಗೆಳತಿಯರೂ ಬರುವುದಿಲ್ಲ. ಹುಡುಗಿಯರ ನಡುವೆ ಸುದ್ದಿ ಬೇಗ ಹರಡುತ್ತದೆ.

ಹದಿಹರೆಯದವರ ಸೇವೆ ಹೇಗಿರಬೇಕೆಂಬುದಕ್ಕೆ ವಿಶ್ವ ಆರೋಗ್ಯ ಸಂಸ್ಥೆ ಐದು ಗುಣ ಹೇಳಿದೆ. ಅದು ಎಲ್ಲರಿಗೂ ಸಮನಾಗಿ ಸಿಗಬೇಕು, ಕೈಗೆಟಕುವಂತಿರಬೇಕು, ಅವರ ಮನಸ್ಸಿಗೆ ಒಪ್ಪಬೇಕು, ಅವರ ಅಗತ್ಯಕ್ಕೆ ತಕ್ಕಂತಿರಬೇಕು, ಗುಣ ಕೊಡಬೇಕು. ಮೂರನೆಯ ಗುಣ ಕಟ್ಟಡದಿಂದ ಬರುವುದಿಲ್ಲ, ಬಾಯಿಂದ ಬರುತ್ತದೆ. ಈ ಅಂಕಣ ಓದುವ ಆಸ್ಪತ್ರೆ ಸಿಬ್ಬಂದಿಯಲ್ಲಿ ಒಂದು ಕೋರಿಕೆ: ಒಂದು ಪರದೆ ಕಟ್ಟಿಸಿ, ಬಾಗಿಲು ಮುಂದೂಡಿ, ದನಿ ತಗ್ಗಿಸಿ. ಖರ್ಚಿಲ್ಲದ ಈ ಮೂರು ಕೆಲಸ ನೂರು ಭಿತ್ತಿಪತ್ರಗಳಿಗಿಂತ ಹೆಚ್ಚು.

ಎಳೆಯ ವಯಸ್ಸಿನ ಸೊಸೆ

ಮದುವೆಯಾದ ಹದಿಹರೆಯದವಳ ಪಾಡು ಬೇರೆ. ಕರ್ನಾಟಕದಲ್ಲಿ 20ರಿಂದ 24 ವರ್ಷದ ಮಹಿಳೆಯರಲ್ಲಿ ನೂರಕ್ಕೆ 21 ಮಂದಿ ಹದಿನೆಂಟು ತುಂಬುವ ಮೊದಲೇ ಮದುವೆಯಾದವರು ಎಂದು 2019-21ರ ಅದೇ ಸಮೀಕ್ಷೆ ಹೇಳುತ್ತದೆ. 15ರಿಂದ 19ರ ಹುಡುಗಿಯರಲ್ಲಿ ನೂರಕ್ಕೆ ಐದಕ್ಕೂ ಹೆಚ್ಚು ಮಂದಿ ಸಮೀಕ್ಷೆಯ ವೇಳೆಗೆ ತಾಯಿಯಾಗಿದ್ದರು ಅಥವಾ ಗರ್ಭಿಣಿಯಾಗಿದ್ದರು. ಇವರು ಆಸ್ಪತ್ರೆಗೆ ಹೋಗಬೇಕೋ ಬೇಡವೋ ಎಂಬುದನ್ನು ನಿರ್ಧರಿಸುವವರು ಅತ್ತೆ ಮತ್ತು ಗಂಡ. ಮದುವೆಯಾದ ವರ್ಷದೊಳಗೆ ಬಸುರಾಗಲೇಬೇಕೆಂಬ ಒತ್ತಾಯವಿರುವ ಮನೆಯಲ್ಲಿ ಗರ್ಭನಿರೋಧಕದ ಮಾತು ಎತ್ತುವ ಧೈರ್ಯ ಆ ಹುಡುಗಿಗೆ ಎಲ್ಲಿಂದ ಬರಬೇಕು?

ಇನ್ನೊಂದು ಅಂಜಿಕೆ ಕಾನೂನಿನದು. ಬಾಲ್ಯವಿವಾಹ ಅಪರಾಧ, ಕರ್ನಾಟಕ ತಂದ ತಿದ್ದುಪಡಿಯಂತೆ ಅಂಥ ಮದುವೆ ಮೊದಲಿನಿಂದಲೇ ಅಸಿಂಧು. ಆದ್ದರಿಂದ ತಾಯಿ ಕಾರ್ಡ್ ಮಾಡಿಸುವಾಗ ವಯಸ್ಸು ಹೆಚ್ಚು ಬರೆಸುವುದು, ಇಲ್ಲವೇ ಏಳು ತಿಂಗಳಾಗುವವರೆಗೆ ಮನೆಯಲ್ಲೇ ಮುಚ್ಚಿಡುವುದು ಉಂಟು. ಇದರ ಬೆಲೆ ತೆರುವವಳು ಹುಡುಗಿ. ಇಪ್ಪತ್ತು ದಾಟಿದ ತಾಯಂದಿರಿಗಿಂತ ಹದಿಹರೆಯದ ತಾಯಂದಿರಿಗೆ ನಂಜು, ಅಂದರೆ ರಕ್ತದ ಒತ್ತಡ ಏರಿ ಫಿಟ್ಸ್ ಬರುವ ಅಪಾಯ, ಹೆರಿಗೆಯ ಅನಂತರದ ಸೋಂಕು ಹೆಚ್ಚು. ಮಗು ದಿನ ತುಂಬುವ ಮೊದಲೇ ಹುಟ್ಟುವುದು, ತೂಕ ಕಡಿಮೆ ಇರುವುದು ಹೆಚ್ಚು. ಸುಳ್ಳು ವಯಸ್ಸು ಕಂಡ ವೈದ್ಯರು ಆಕೆಯನ್ನು ಅಪಾಯದ ಗುಂಪಿಗೆ ಸೇರಿಸುವುದೇ ಇಲ್ಲ. ಕಾನೂನಿಗೆ ಅಂಜುವವರು ಮದುವೆಗೆ ಮುಂಚೆ ಅಂಜಬೇಕು. ಬಸುರಾದ ಹುಡುಗಿಯನ್ನು ವೈದ್ಯರಿಂದ ಮರೆಮಾಡಬಾರದು.

ಗುಟ್ಟು ಉಳಿಯುತ್ತದೆಯೇ?

ಈಗ ಎಲ್ಲಕ್ಕಿಂತ ಕಷ್ಟದ ಪ್ರಶ್ನೆಗೆ ಬರೋಣ. "ನಾನು ಹೇಳಿದ್ದನ್ನು ಯಾರಿಗೂ ಹೇಳುವುದಿಲ್ಲ ತಾನೇ?" ಎಂದು ಹುಡುಗಿ ಕೇಳುತ್ತಾಳೆ. ಇದಕ್ಕೆ ಪ್ರಾಮಾಣಿಕವಾದ ಉತ್ತರ ಕೊಡಬೇಕು. ಸುಳ್ಳು ಭರವಸೆ ಕೊಟ್ಟರೆ ಒಂದು ದಿನ ಅದು ಒಡೆದು, ನಂಬಿಕೆಯೇ ಹೋಗುತ್ತದೆ.

ಮುಟ್ಟು, ಬಿಳಿಸೆರಗು, ರಕ್ತಹೀನತೆ, ಹೊಟ್ಟೆನೋವು, ಮೈಬೆಳವಣಿಗೆ, ಮನಸ್ಸಿನ ಚಿಂತೆ ಇವಾವುದಕ್ಕೂ ಪೊಲೀಸಿಗಾಗಲಿ ಕೋರ್ಟಿಗಾಗಲಿ ಸಂಬಂಧವಿಲ್ಲ. ವೈದ್ಯರು ಇವನ್ನು ಗುಟ್ಟಾಗಿಡಬೇಕು. ವೈದ್ಯರ ಬಳಿ ಬರುವ ಹುಡುಗಿಯರಲ್ಲಿ ಹೆಚ್ಚಿನವರ ತೊಂದರೆ ಇಂಥದೇ.

ಆದರೆ ಹದಿನೆಂಟು ತುಂಬದವಳ ಮೇಲೆ ಲೈಂಗಿಕ ಕ್ರಿಯೆ ನಡೆದಿರುವುದು ತಿಳಿದರೆ ಮಾತು ಬೇರೆ. 2012ರ ಪೋಕ್ಸೋ ಕಾಯ್ದೆಯಂತೆ ಹದಿನೆಂಟರೊಳಗಿನವರ ಒಪ್ಪಿಗೆಗೆ ಬೆಲೆಯಿಲ್ಲ. ವಿಷಯ ತಿಳಿದವರು, ವೈದ್ಯರಾಗಲಿ ಶಿಕ್ಷಕರಾಗಲಿ, ಪೊಲೀಸರಿಗೆ ತಿಳಿಸಲೇಬೇಕು. ತಿಳಿಸದಿದ್ದರೆ ಅದೇ ಅಪರಾಧ. ಮಕ್ಕಳನ್ನು ಕಾಪಾಡಲು ತಂದ ಈ ನಿಯಮವೇ ಕೆಲವು ಹುಡುಗಿಯರನ್ನು ಆಸ್ಪತ್ರೆಯಿಂದ ದೂರ ಅಟ್ಟುತ್ತಿದೆ ಎಂಬುದೂ ನಿಜ. ಬಸುರಾದೆನೆಂಬ ಭಯದಿಂದ ಗುಟ್ಟಾಗಿ ಮೆಡಿಕಲ್ ಶಾಪಿನಿಂದ ಮಾತ್ರೆ ತರಿಸಿ ನುಂಗುವವರಿದ್ದಾರೆ. ಗರ್ಭ ಎಷ್ಟು ವಾರದ್ದು, ಗರ್ಭಕೋಶದಲ್ಲಿದೆಯೋ ನಾಳದಲ್ಲಿದೆಯೋ ಎಂದು ನೋಡದೆ ಆ ಮಾತ್ರೆ ನುಂಗಿದರೆ ವಿಪರೀತ ರಕ್ತಸ್ರಾವವಾಗಿ ಪ್ರಾಣಕ್ಕೇ ಕುತ್ತು. ನಾಟಿ ಕಡ್ಡಿ, ಸೊಪ್ಪಿನ ರಸಗಳಂತೂ ಇನ್ನೂ ಘೋರ.

ಆದ್ದರಿಂದ ಕಾನೂನಿನ ಇನ್ನೊಂದು ಮುಖವನ್ನೂ ತಿಳಿದಿರಿ. 1971ರ ಗರ್ಭಪಾತ ಕಾಯ್ದೆಗೆ 2021ರಲ್ಲಿ ತಿದ್ದುಪಡಿಯಾಗಿದೆ. ಕಾಯ್ದೆ ಒಪ್ಪುವ ಕಾರಣಗಳಿದ್ದರೆ 20 ವಾರದವರೆಗೆ ಒಬ್ಬ ನೋಂದಾಯಿತ ವೈದ್ಯರ ಅಭಿಪ್ರಾಯ ಸಾಕು. ಹದಿನೆಂಟು ತುಂಬದವರಿಗೆ ಇಬ್ಬರು ವೈದ್ಯರ ಅಭಿಪ್ರಾಯದ ಮೇಲೆ 24 ವಾರದವರೆಗೂ ಅವಕಾಶವಿದೆ. ಹದಿನೆಂಟರೊಳಗಿನವರಿಗೆ ತಂದೆ ತಾಯಿಯ ಅಥವಾ ಪೋಷಕರ ಲಿಖಿತ ಒಪ್ಪಿಗೆ ಬೇಕು. ಗರ್ಭಪಾತ ಮಾಡಿಸಿಕೊಂಡವಳ ಹೆಸರನ್ನು ವೈದ್ಯರು ಹೊರಗೆಡಹುವಂತಿಲ್ಲ. 2022ರ ಸೆಪ್ಟೆಂಬರ್ 29ರಂದು ಸುಪ್ರೀಂ ಕೋರ್ಟ್ ಒಂದು ಮುಖ್ಯ ಮಾತು ಹೇಳಿತು. ಗರ್ಭಪಾತಕ್ಕೆ ಬಂದ ಅಪ್ರಾಪ್ತ ಹುಡುಗಿ ಮತ್ತು ಅವಳ ಪೋಷಕರು ಕೋರಿದರೆ, ಪೋಕ್ಸೋ ಪ್ರಕಾರ ಪೊಲೀಸರಿಗೆ ಕೊಡುವ ಮಾಹಿತಿಯಲ್ಲಿ ವೈದ್ಯರು ಅವಳ ಹೆಸರು, ಗುರುತು ತಿಳಿಸಬೇಕಾಗಿಲ್ಲ. ಗುಟ್ಟು ಬಯಲಾಗುವ ಭಯದಿಂದ ಹುಡುಗಿ ಅಪಾಯಕರ ದಾರಿ ಹಿಡಿಯಬಾರದೆಂಬುದೇ ಇದರ ಉದ್ದೇಶ.

ಇನ್ನು ಬಲಾತ್ಕಾರ ನಡೆದಿದ್ದರೆ ಒಂದು ಗಂಟೆಯೂ ತಡಮಾಡಬಾರದು. ಸರ್ಕಾರಿ, ಖಾಸಗಿ ಎನ್ನದೆ ಎಲ್ಲ ಆಸ್ಪತ್ರೆಗಳೂ ತಕ್ಷಣ ಉಚಿತ ಚಿಕಿತ್ಸೆ ಕೊಡಬೇಕು. ಪೊಲೀಸರ ಕಾಗದ ತಂದರೆ ಮಾತ್ರ ನೋಡುತ್ತೇವೆ ಎನ್ನುವಂತಿಲ್ಲ. ಹುಡುಗಿಯನ್ನು ಮಹಿಳಾ ವೈದ್ಯರೇ, ಆಕೆ ನಂಬುವವರ ಎದುರಿನಲ್ಲಿ ಪರೀಕ್ಷಿಸಬೇಕು. ಬೇಡದ ಬಸುರನ್ನೂ ಎಚ್‌ಐವಿ ಸೋಂಕನ್ನೂ ತಡೆಯುವ ಔಷಧಿಗಳನ್ನು ಆದಷ್ಟು ಬೇಗ, ಮೂರು ದಿನದೊಳಗೆ ಆರಂಭಿಸಬೇಕು. ಮಕ್ಕಳ ಸಹಾಯವಾಣಿ 1098ಕ್ಕೆ ಯಾವ ಹೊತ್ತಿನಲ್ಲೂ ಕರೆ ಮಾಡಬಹುದು.

ಅಮ್ಮಂದಿರಿಗೆ ನಾಲ್ಕು ಮಾತು

ಒಂದು: ಮೈನೆರೆಯುವ ಮೊದಲೇ ಹೇಳಿ. ಒಂಬತ್ತು ಹತ್ತನೇ ವಯಸ್ಸಿಗೆ ಮಾತು ಆರಂಭವಾಗಲಿ. ನಿಮಗೆ ಸಂಕೋಚವಾದರೆ ಚಿಕ್ಕಮ್ಮ, ಅತ್ತಿಗೆ, ಟೀಚರ್ ಯಾರಾದರೂ ಹೇಳಲಿ.

ಎರಡು: ಪ್ರತಿ ತಿಂಗಳೂ "ಆಯ್ತಾ?" ಎಂದು ಕೇಳಿದರೆ ಸಾಲದು. "ಎಷ್ಟು ದಿನ ಇತ್ತು? ನೋವಿತ್ತಾ?" ಎಂದೂ ಕೇಳಿ. ಮೊದಲಿನ ಪ್ರಶ್ನೆಯಲ್ಲಿ ಅನುಮಾನದ ವಾಸನೆಯಿದೆ, ಎರಡನೆಯದರಲ್ಲಿ ಅಕ್ಕರೆಯಿದೆ. ಮಕ್ಕಳಿಗೆ ಈ ವ್ಯತ್ಯಾಸ ಚೆನ್ನಾಗಿ ತಿಳಿಯುತ್ತದೆ.

ಮೂರು: ವೈದ್ಯರು "ಸ್ವಲ್ಪ ಹೊರಗೆ ಕೂತಿರಿ" ಎಂದರೆ ಅವಮಾನವೆಂದು ತಿಳಿಯಬೇಡಿ. ಮಗಳು ನಿಮಗೆ ಮುಚ್ಚಿಟ್ಟದ್ದು ನಿಮ್ಮ ಮೇಲಿನ ದ್ವೇಷದಿಂದಲ್ಲ, ನೀವು ನೊಂದುಕೊಳ್ಳುತ್ತೀರೆಂಬ ಭಯದಿಂದ.

ನಾಲ್ಕು: ಶಾಲೆಯ ನೀಲಿ ಮಾತ್ರೆಯನ್ನು ಬೇಡವೆನ್ನಬೇಡಿ. ಅದನ್ನು ನುಂಗಿದರೆ ಮುಂದೆ ಮಕ್ಕಳಾಗುವುದಿಲ್ಲ ಎಂಬುದು ಬರೀ ಗಾಳಿಮಾತು. ಊಟವಾದ ಮೇಲೆ ನುಂಗಿದರೆ ಹೊಟ್ಟೆ ತೊಳಸುವುದು ಕಡಿಮೆ. ಮಲ ಕಪ್ಪಗಾದರೆ ಹೆದರಬೇಕಿಲ್ಲ. ಮಾತ್ರೆಯ ಜೊತೆಗೆ ಕಾಫಿ, ಟೀ ಬೇಡ. ನಿಂಬೆಹಣ್ಣು, ನೆಲ್ಲಿಕಾಯಿ ಒಳ್ಳೆಯದು. ಹಾಗೆಯೇ ಗರ್ಭಕೋಶದ ಕಂಠದ ಕ್ಯಾನ್ಸರ್ ತಡೆಯುವ ಎಚ್‌ಪಿವಿ ಲಸಿಕೆಯ ಬಗ್ಗೆ ವೈದ್ಯರನ್ನು ಕೇಳಿ. 9ರಿಂದ 14 ವರ್ಷದೊಳಗೆ ಹಾಕಿಸಿದರೆ ಅದರ ಫಲ ಹೆಚ್ಚು.

ಅಪ್ಪಂದಿರೂ ಕೇಳಿ: ಮಗಳಿಗೆ ಜ್ವರ ಬಂದರೆ ಸೈಕಲ್ ಮೇಲೆ ಕೂರಿಸಿಕೊಂಡು ಓಡುವ ನೀವು, ಇದಕ್ಕೂ ಹಾಗೆಯೇ ಓಡಬೇಕು. ಕಾರಣ ಕೇಳದೆ ಆಸ್ಪತ್ರೆಯ ಬಾಗಿಲವರೆಗೆ ಬಿಟ್ಟು ಬಂದರೂ ಸಾಕು.

ಮಗಳೇ, ನಿನಗೆ

ಈ ಪುಟವನ್ನು ನೀನೂ ಓದುತ್ತಿರಬಹುದು. ನಿನ್ನ ಮೈಯಲ್ಲಿ ಆಗುತ್ತಿರುವುದು ತಪ್ಪಲ್ಲ, ಪಾಪವಲ್ಲ. ಅದನ್ನು ಕೇಳುವುದು ನಾಚಿಕೆಗೆಟ್ಟ ಕೆಲಸವೂ ಅಲ್ಲ. ಅಮ್ಮನ ಹತ್ತಿರ ಹೇಳಲಾಗದಿದ್ದರೆ ಅಜ್ಜಿ, ಅಕ್ಕ, ಟೀಚರ್, ಆಶಾ ಅಕ್ಕ, ಇವರಲ್ಲಿ ನಿನಗೆ ನಂಬಿಕೆಯಿರುವ ಒಬ್ಬರನ್ನು ಆರಿಸಿಕೋ. ಮೊದಲು ಕೇಳಿದವರು ಗದರಿದರೆ ಅಲ್ಲಿಗೇ ನಿಲ್ಲಿಸಬೇಡ, ಇನ್ನೊಬ್ಬರನ್ನು ಕೇಳು. ಮನಸ್ಸಿಗೆ ತೀರಾ ಕಷ್ಟವಾದರೆ 14416ಕ್ಕೆ ಫೋನ್ ಮಾಡು. ಅದು ಟೆಲಿಮಾನಸ್ ಉಚಿತ ಸಹಾಯವಾಣಿ, ಕನ್ನಡದಲ್ಲೇ ಮಾತಾಡಬಹುದು.

ಆರಂಭದಲ್ಲಿ ಹೇಳಿದಂಥ ಹುಡುಗಿಗೆ ಬೇಕಾದದ್ದು ದೊಡ್ಡ ಆಸ್ಪತ್ರೆಯಲ್ಲ. ಕೆಲವು ರಕ್ತ ಪರೀಕ್ಷೆ, ಸ್ರಾವ ತಗ್ಗಿಸುವ ಮಾತ್ರೆ, ಕೆಲವು ತಿಂಗಳು ಕಬ್ಬಿಣಾಂಶ, ಇಷ್ಟರಿಂದಲೇ ಇಂಥ ಎಷ್ಟೋ ಹುಡುಗಿಯರು ಮತ್ತೆ ಮೆಟ್ಟಿಲು ಓಡಿ ಹತ್ತುತ್ತಾರೆ. ಆಕೆ ಕಳೆದುಕೊಂಡದ್ದು ಎರಡು ವರ್ಷ. ಆ ಎರಡು ವರ್ಷಗಳಲ್ಲಿ ಯಾರಾದರೂ ಒಬ್ಬರು, ಒಂದೇ ಒಂದು ಸಲ, ಪಕ್ಕದಲ್ಲಿ ಕೂರಿಸಿಕೊಂಡು "ಎಷ್ಟು ದಿನ ಇರುತ್ತಮ್ಮ ನಿನಗೆ?" ಎಂದು ಕೇಳಿದ್ದರೆ ಸಾಕಿತ್ತು.

ಇಂದು ಸಂಜೆ ನಿಮ್ಮ ಮಗಳನ್ನು ಕೇಳಿ.